ಉಪಗ್ರಹದ ಜೊತೆ ಮಾತು, ಕಂಪ್ಯೂಟರಿನ ಜೊತೆ ಠೂ

ಮಕ್ಕಳೇ, ನಿಮ್ಮ ಭೂಪಟದ ಪುಸ್ತಕ ತೆಗೆದು 16 ಡಿಗ್ರಿ ಉತ್ತರ ಅಕ್ಷಾಂಶದ ಗೆರೆಯ ಮೇಲೆ ಒಂದು ಬೆರಳಿಡಿ. ಇನ್ನೊಂದು ಬೆರಳನ್ನು 77 ಡಿಗ್ರಿ ಪೂರ್ವ ರೇಖಾಂಶದ ಮೇಲಿಟ್ಟು ಎರಡನ್ನೂ ಸರಿಸುತ್ತಾ ಬನ್ನಿ. ಬೆರಳುಗಳು ಕೂಡುವ ಜಾಗ ಯಾವುದು? ನಮ್ಮ ರಾಯಚೂರು ಜಿಲ್ಲೆಯ ಮಾನ್ವಿ ಪಟ್ಟಣದ ಸಮೀಪ! ಮಾನ್ವಿಯಿಂದ ರಾಯಚೂರಿನ ದಾರಿ ಹಿಡಿದರೆ ಸ್ವಲ್ಪ ದೂರದಲ್ಲೇ ನೀರಮಾನ್ವಿ ಸಿಗುತ್ತದೆ. ನಾನು ಹೇಳಹೊರಟಿರುವುದು ಆ ಕಡೆ ನಡೆದ ಸಂಗತಿ.

2005ರ ಬೇಸಿಗೆ. ನಾನಾಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೇಷ್ಟ್ರು. ನಮ್ಮ ಜಿಲ್ಲೆಯ ಕೆಲವು ಕಡೆ ನೆಲದೊಳಗಿನ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಾಗಿರುತ್ತದೆ ಎಂಬುದನ್ನು ನೀವು ಕೇಳಿರಬಹುದು. ಅದು ನೆಲದಡಿಯ ಬಂಡೆಗಳಿಂದ ನಿಧಾನವಾಗಿ ಕರಗಿ ನೀರಿಗೆ ಸೇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷಗಟ್ಟಲೆ ಅಂಥ ನೀರು ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟಿಗಳು ಮೂಡುತ್ತವೆ, ಮೂಳೆ ಮತ್ತು ಕೀಲುಗಳು ಬಿಗಿಯುತ್ತವೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ತನಕ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ. ನಾವು ಒಂದಿಷ್ಟು ಮೇಷ್ಟ್ರುಗಳು ಸೇರಿ ಪರೀಕ್ಷೆಯ ಪೆಟ್ಟಿಗೆ ಹಿಡಿದುಕೊಂಡು ಕೈಪಂಪುಗಳ ನೀರು ನೋಡುತ್ತಾ ಊರೂರು ಸುತ್ತಿದೆವು. ನಮ್ಮ ಕಡೆ ಕೈಪಂಪಿಗೆ ಬೋರಿಂಗ್ ಎನ್ನುತ್ತೇವಲ್ಲ, ಇಲ್ಲಿಯೂ ಹಾಗೇ ಬರೆಯುತ್ತೇನೆ.

ಪ್ರತಿ ಬೋರಿಂಗಿಗೂ ಒಂದು ನಂಬರು ಕೊಟ್ಟೆವು. ನಂಬರು ಮತ್ತು ಫ್ಲೋರೈಡ್ ಎಷ್ಟು ಎಂಬುದು ನೋಟ್‌ಬುಕ್ಕಿನಲ್ಲಿ. ಆ ನಂಬರಿನ ಬೋರಿಂಗು ಎಲ್ಲಿದೆ ಎಂಬುದು ಒಂದು ಹಳದಿ ಬಣ್ಣದ ಜಿಪಿಎಸ್ ಯಂತ್ರದಲ್ಲಿ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಎರಡು ಪೆನ್ಸಿಲ್ ಸೆಲ್ ಹಾಕಿದರೆ ಸಾಕು. ಎಲ್ಲವೂ ಯಂತ್ರದಲ್ಲೇ ಇದೆಯಲ್ಲ, ಮತ್ತೆ ಕಾಗದದ ಮೇಲೇಕೆ ಬರೆಯಬೇಕು ಎಂದುಕೊಂಡೆ. ಅದು ನನ್ನ ತಪ್ಪು.

ಹತ್ತೊಂಬತ್ತು ವರ್ಷದ ಮೇಲೆ, 2024ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಗೆ ವಿಜ್ಞಾನದ ವಸ್ತುಗಳನ್ನು ತೋರಿಸಲು ನೀರಮಾನ್ವಿಯ ಕಡೆ ಹೋಗಿದ್ದೆ. ಹಳದಿ ಡಬ್ಬಿಯನ್ನೂ ಒಯ್ದಿದ್ದೆ. ಬೋರಿಂಗಿನ ಕಥೆ ಕೇಳಿದ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನಮ್ಮ ಹೊಲದ ಹಾದ್ಯಾಗ ಒಂದು ಹಳೇ ಬೋರಿಂಗ್ ಐತ್ರಿ. ಕಳೇವು ತೆಗೆಯೋರೆಲ್ಲ ಅದರ ನೀರೇ ಕುಡೀತಾರ್ರಿ. ಅದನ್ನ ಅವಾಗ ನೀವು ನೋಡಿದ್ರೇನ್ರಿ?"

ನೋಡಿದ್ದೆವೋ ಇಲ್ಲವೋ ಹೇಳಲು ನೋಟ್‌ಬುಕ್ಕು ಸಾಲದು. ಊರಿಗೊಂದೇ ಬೋರಿಂಗ್ ಇರುವುದಿಲ್ಲವಲ್ಲ. ಯಂತ್ರದೊಳಗಿನ ಸ್ಥಳಗಳನ್ನು ಹೊರತೆಗೆದು ನಕ್ಷೆಯ ಮೇಲೆ ಇಡಬೇಕು. ಅಲ್ಲಿಂದ ನಮ್ಮ ಪೇಚಾಟ ಶುರುವಾಯಿತು.

ಆಕಾಶದ ಕಡೆಯಿಂದ

ಮೊದಲು ಯಂತ್ರ ಸರಿಯಾಗಿದೆಯೇ ನೋಡೋಣ ಎಂದು ಹೊಸ ಸೆಲ್ ಹಾಕಿ ಮೈದಾನಕ್ಕೆ ತಂದೆವು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅಕ್ಷಾಂಶ, ರೇಖಾಂಶ ಮೂಡಿದವು. ಮೊಬೈಲ್ ಫೋನಿನಲ್ಲಿ ತೋರಿದ್ದಕ್ಕೂ ಅದಕ್ಕೂ ಕೆಲವೇ ಹೆಜ್ಜೆಗಳ ವ್ಯತ್ಯಾಸ. ಎಷ್ಟೋ ವರ್ಷ ಮೂಲೆಯಲ್ಲಿ ಬಿದ್ದಿದ್ದ ಡಬ್ಬಿಗೆ ತಾನೆಲ್ಲಿದ್ದೇನೆ ಎಂಬುದು ಹೇಗೆ ಗೊತ್ತಾಯಿತು?

ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿದರೆ ಸಿಡಿಲು ಎಷ್ಟು ದೂರದಲ್ಲಿದೆ ಎಂದು ಹೇಳಬಹುದು. ಶಬ್ದ ಒಂದು ಕಿಲೋಮೀಟರು ಬರಲು ಸುಮಾರು ಮೂರು ಸೆಕೆಂಡು ಬೇಕು. ಜಿಪಿಎಸ್ ಮಾಡುವುದೂ ಇದೇ ಬಗೆಯ ಲೆಕ್ಕ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಜಿಪಿಎಸ್ ಉಪಗ್ರಹಗಳು ಭೂಮಿಯನ್ನು ಸುತ್ತುತ್ತಿವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. "ಈಗ ಗಂಟೆ ಇಷ್ಟು, ನಾನು ಇಲ್ಲಿದ್ದೇನೆ" ಎಂದು ಅದು ರೇಡಿಯೋ ಅಲೆಗಳಲ್ಲಿ ಸಾರುತ್ತಲೇ ಇರುತ್ತದೆ. ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ನೆತ್ತಿಯ ಮೇಲಿರುವ ಉಪಗ್ರಹದಿಂದ ನಮ್ಮ ಅಂಗಳಕ್ಕೆ ಇಳಿಯಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗ ಸಾಕು. ಎಷ್ಟು ತಡವಾಗಿ ಬಂತು ಎಂಬುದರಿಂದ ದೂರ ತಿಳಿಯುತ್ತದೆ. ಹೀಗೆ ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ಯಂತ್ರ ತನ್ನ ಸ್ಥಳವನ್ನು ಲೆಕ್ಕ ಹಾಕುತ್ತದೆ. ಮೂರು ಸಾಲದೇ ಎಂದು ಕೇಳುವಿರಾ? ಯಂತ್ರದ ಗಡಿಯಾರ ಅಗ್ಗದ್ದು. ಅದು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಆ ತಪ್ಪನ್ನು ತಿದ್ದಿಕೊಳ್ಳಲು ನಾಲ್ಕನೆಯದು ಬೇಕು.

ಅಮೆರಿಕ ಮೊದಲ ಜಿಪಿಎಸ್ ಉಪಗ್ರಹವನ್ನು ಹಾರಿಸಿದ್ದು 1978ರಲ್ಲಿ. 24 ಉಪಗ್ರಹಗಳ ಪೂರ್ಣ ವ್ಯವಸ್ಥೆ ಸಿದ್ಧವಾಯಿತೆಂದು ಸಾರಿದ್ದು 1995ರಲ್ಲಿ. 2000ದ ಮೇ ತಿಂಗಳ ತನಕ ಸಾಮಾನ್ಯ ಜನರಿಗೆ ಸಿಗುವ ಅಲೆಯಲ್ಲಿ ಬೇಕೆಂದೇ ಒಂದಿಷ್ಟು ತಪ್ಪು ಬೆರೆಸುತ್ತಿದ್ದರು. ಸ್ಥಳ ನೂರು ಮೀಟರಿನ ತನಕ ಆಚೀಚೆ ಆಗುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆಯೇ ನಮ್ಮ ಹಳದಿ ಡಬ್ಬಿಯಂಥವು ಬೋರಿಂಗ್ ಹುಡುಕುವಷ್ಟು ಚುರುಕಾದದ್ದು. ಅಂದಿನಿಂದ ಎಷ್ಟೋ ಉಪಗ್ರಹಗಳು ಮುದಿಯಾದವು, ಹೊಸವು ಬಂದವು. ಹೊಸವು ಹೊಸ ಬಗೆಯ ಅಲೆಗಳನ್ನೂ ಕಳಿಸುತ್ತವೆ, ಆದರೆ ಹಳೆಯ ಅಲೆಯನ್ನು ಮಾತ್ರ ಬಿಟ್ಟಿಲ್ಲ. ಹಳೆಯ ಯಂತ್ರಕ್ಕೆ ಅರ್ಥವಾಗುವ ಮಾತನ್ನು ಹಳೆಯ ರೀತಿಯಲ್ಲೇ ಆಡುತ್ತಿವೆ.

ಭಾರತದ ನಾವಿಕ್ ಉಪಗ್ರಹಗಳ ಮಾತು ನಮ್ಮ ಡಬ್ಬಿಗೆ ತಿಳಿಯದು. ಅವುಗಳಲ್ಲಿ ಮೊದಲನೆಯದು ಹಾರಿದ್ದು 2013ರ ಜುಲೈ 1ರಂದು. ಡಬ್ಬಿ ತಯಾರಾದಾಗ ಅವು ಹುಟ್ಟಿಯೇ ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಡಬ್ಬಿ ಎಡವಿತ್ತು. ಒಬ್ಬ ಹುಡುಗ ಪರದೆ ನೋಡಿ ಕೂಗಿದ, "ಸರ್, ಇದರಾಗ ಇವತ್ತು 31 ಮಾರ್ಚ್ 2005 ಅಂತ ಐತ್ರಿ!" ಎಲ್ಲರೂ ನಕ್ಕರು. ನಾವು ನೀರು ನೋಡುತ್ತಾ ತಿರುಗಿದ್ದ ಬೇಸಿಗೆಗೇ ಅದು ಹಿಂದಿರುಗಿ ಕುಳಿತಿತ್ತು.

ಏಕೆ ಹೀಗೆ? ಉಪಗ್ರಹ ದಿನಾಂಕವನ್ನು ನಮ್ಮಂತೆ ಹೇಳುವುದಿಲ್ಲ. 1980ರ ಜನವರಿ 6ರಿಂದ ಎಷ್ಟನೆಯ ವಾರ ಎಂದು ಹೇಳುತ್ತದೆ. ಹಳೆಯ ಅಲೆಯಲ್ಲಿ ಆ ಸಂಖ್ಯೆಗೆ ಮೀಸಲಾಗಿರುವುದು ಹತ್ತೇ ಹತ್ತು ಮನೆ. ಒಂದೊಂದು ಮನೆಯಲ್ಲಿ 0 ಅಥವಾ 1 ಮಾತ್ರ ಇರಬಹುದು. ಅಂಥ ಮನೆಗೆ ಬಿಟ್ ಎಂದು ಹೆಸರು. ಎರಡನ್ನು ಹತ್ತು ಸಲ ಗುಣಿಸಿ ನೋಡಿ, 1024 ಬರುತ್ತದೆ. ಆದ್ದರಿಂದ 0ಯಿಂದ 1023ರ ತನಕ ಎಣಿಸಿ ಮತ್ತೆ 0. ಮೋಟಾರ್ ಸೈಕಲ್ಲಿನ ಹಳೆಯ ಮೀಟರು 99999 ಆದ ಮೇಲೆ 00000ಕ್ಕೆ ಮರಳುವುದಿಲ್ಲವೇ, ಹಾಗೆ. 1999ರ ಆಗಸ್ಟ್ 22ಕ್ಕೆ ಒಮ್ಮೆ, 2019ರ ಏಪ್ರಿಲ್ 7ಕ್ಕೆ ಇನ್ನೊಮ್ಮೆ ಎಣಿಕೆ ಸೊನ್ನೆಗೆ ಬಂತು. ಇದಕ್ಕೆ ಮೊದಲೇ ಸಿದ್ಧವಾಗಿರದ ಹಳೆಯ ಯಂತ್ರಗಳು 1024 ವಾರ, ಅಂದರೆ 7168 ದಿನ ಹಿಂದಕ್ಕೆ ಜಾರಿದವು. ಸ್ಥಳದ ಲೆಕ್ಕಕ್ಕೆ ವಾರದೊಳಗಿನ ಹೊತ್ತು ಸಾಕು, ಹಾಗಾಗಿ ಸ್ಥಳ ತಪ್ಪುವುದಿಲ್ಲ. ಇನ್ನೊಂದು ತಮಾಷೆ ನೋಡಿ: 2024ರ ನವೆಂಬರ್ 14 ಗುರುವಾರ, 2005ರ ಮಾರ್ಚ್ 31 ಕೂಡ ಗುರುವಾರ. ದಿನಾಂಕ ತಪ್ಪಿದರೂ ವಾರ ತಪ್ಪಲಿಲ್ಲ ಏಕೆ? ನೀವೇ ಯೋಚಿಸಿ. ಮುಂದಿನ ಸಲ ಎಣಿಕೆ ತಿರುಗುವುದು 2038ರ ನವೆಂಬರಿನಲ್ಲಿ.

ಮೇಜಿನ ಕಡೆಯಿಂದ

ಡಬ್ಬಿಯ ಜೊತೆ ಬಂದಿದ್ದ ತಂತಿಯನ್ನು ಹುಡುಕಿ ತೆಗೆದೆ. ಅದರ ಒಂದು ತುದಿ ಡಬ್ಬಿಯ ಬೆನ್ನಿಗೆ ಸಿಕ್ಕಿಸುವಂಥದು. ಇನ್ನೊಂದು ತುದಿಯಲ್ಲಿ ಒಂಬತ್ತು ತೂತಿನ ಅಗಲವಾದ ಮೂತಿ. ಹೊಸ ಲ್ಯಾಪ್‌ಟಾಪನ್ನು ಸುತ್ತ ತಿರುಗಿಸಿ ನೋಡಿದರೂ ಅದು ಕೂರುವ ಜಾಗವೇ ಇಲ್ಲ! ಆ ಜಾಗಕ್ಕೆ ಸೀರಿಯಲ್ ಪೋರ್ಟ್ ಎನ್ನುತ್ತಾರೆ. ಮಕ್ಕಳು ಪ್ರಾರ್ಥನೆಗೆ ಸಾಲಾಗಿ ಒಬ್ಬರ ಹಿಂದೆ ಒಬ್ಬರು ಹೋಗುವಂತೆ ಬಿಟ್‌ಗಳು ಒಂದರ ಹಿಂದೊಂದು ಹೋಗುತ್ತವೆ. ಸೆಕೆಂಡಿಗೆ 9600 ಬಿಟ್ ಹೋದರೆ ಸುಮಾರು 960 ಅಕ್ಷರ ಹೋದಂತೆ. 1996ರಲ್ಲಿ ಯುಎಸ್‌ಬಿ ಎಂಬ ಹೊಸ ಬಗೆಯ ಜೋಡಣೆ ಬಂತು. ಅದರ ವೇಗ ಬಹಳ ಹೆಚ್ಚು. ಪೆನ್‌ಡ್ರೈವ್ ಸಿಕ್ಕಿಸುವುದು ಅದಕ್ಕೇ. ಕ್ರಮೇಣ ಹೊಸ ಕಂಪ್ಯೂಟರುಗಳಲ್ಲಿ ಒಂಬತ್ತು ಕಡ್ಡಿಯ ಪೋರ್ಟು ಮಾಯವಾಯಿತು.

ಪೇಟೆಯಿಂದ ಒಂದು ಪರಿವರ್ತಕ ತಂತಿ ತಂದೆ. ಒಂದು ಕಡೆ ಹಳೆಯ ಮೂತಿ, ಇನ್ನೊಂದು ಕಡೆ ಯುಎಸ್‌ಬಿ. ಸಿಕ್ಕಿಸಿದ್ದಾಯಿತು. ಕಂಪ್ಯೂಟರು ಹಳದಿ ಗುರುತೊಂದನ್ನು ತೋರಿಸಿ ಸುಮ್ಮನಾಯಿತು. ಕೈ ಕುಲುಕಿದರು, ಆದರೆ ಒಬ್ಬರ ಮಾತು ಒಬ್ಬರಿಗೆ ತಿಳಿಯಲಿಲ್ಲ ಎಂಬಂತೆ.

ಕಂಪ್ಯೂಟರಿನ ಎಲ್ಲ ಕೆಲಸಗಳನ್ನೂ ಹಂಚಿಕೊಟ್ಟು ನೋಡಿಕೊಳ್ಳುವ ಮುಖ್ಯ ತಂತ್ರಾಂಶವೊಂದಿದೆ. ಅದೇ ಕಾರ್ಯಾಚರಣಾ ವ್ಯವಸ್ಥೆ. ವಿಂಡೋಸ್, ಲಿನಕ್ಸ್ ಎಲ್ಲ ಈ ಜಾತಿಯವು. ಶಾಲೆಗೆ ಮುಖ್ಯೋಪಾಧ್ಯಾಯರು ಇದ್ದಂತೆ ಎನ್ನಿ. ಹೊರಗಿನಿಂದ ಬರುವ ಪ್ರತಿ ಯಂತ್ರದ ಭಾಷೆ ಅವರಿಗೆ ಬರುವುದಿಲ್ಲ. ಮುದ್ರಣ ಯಂತ್ರಕ್ಕೊಬ್ಬ, ಕ್ಯಾಮೆರಾಕ್ಕೊಬ್ಬ, ಜಿಪಿಎಸ್‌ಗೊಬ್ಬ ದುಭಾಷಿ ಬೇಕು. ಈ ದುಭಾಷಿ ತಂತ್ರಾಂಶವನ್ನೇ ಡ್ರೈವರ್ ಎನ್ನುವುದು. ನಮ್ಮ ಡಬ್ಬಿ ಮತ್ತು ಅದರ ತಂತಿಯ ದುಭಾಷಿಗಳು ಹಳೆಯ ವಿಂಡೋಸ್ ಎಕ್ಸ್‌ಪಿಯ ಕಾಲದವು. ಎಕ್ಸ್‌ಪಿಗೆ ತಿದ್ದುಪಡಿ ಕೊಡುವುದನ್ನು ಅದರ ಕಂಪನಿ 2014ರ ಏಪ್ರಿಲ್ 8ಕ್ಕೆ ನಿಲ್ಲಿಸಿತು. ಆಮೇಲೆ ಬಂದ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಂದು ಅದೇ ಗತಿಯಾಯಿತು.

ಇದರ ನಡುವೆ ಕಂಪ್ಯೂಟರಿನ ಒಳಗೇ ದೊಡ್ಡ ಬದಲಾವಣೆಯಾಗಿತ್ತು. ಆಗಿನವು ಹೆಚ್ಚಾಗಿ 32 ಬಿಟ್‌ನವು. ಎರಡನ್ನು 32 ಸಲ ಗುಣಿಸಿದರೆ 429 ಕೋಟಿ 49 ಲಕ್ಷದ 67 ಸಾವಿರದ 296. ತನ್ನ ಸ್ಮರಣೆಯಲ್ಲಿ ಅಷ್ಟು ಮನೆಗಳಿಗೆ ಮಾತ್ರ ಅದು ನೇರವಾಗಿ ನಂಬರು ಕೊಡಬಲ್ಲದು. ಅಷ್ಟೂ ಸಾಲದೆ 64 ಬಿಟ್‌ನವು ಬಂದವು. 32 ಬಿಟ್‌ನ ದುಭಾಷಿಗೆ 64 ಬಿಟ್‌ನ ವ್ಯವಸ್ಥೆಯೊಳಗೆ ಪ್ರವೇಶವಿಲ್ಲ. ಹೊಸದಾಗಿ ಬರೆದುಕೊಡಬೇಕು. ಜೊತೆಗೆ, ದುಭಾಷಿಯ ವೇಷದಲ್ಲಿ ಕಳ್ಳರು ನುಗ್ಗಬಾರದೆಂದು ತಯಾರಕರ ಡಿಜಿಟಲ್ ಸಹಿ ಇಲ್ಲದ ಡ್ರೈವರುಗಳನ್ನು ಹೊಸ ವ್ಯವಸ್ಥೆಗಳು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಈ ಎಚ್ಚರ ಸರಿಯಾದದ್ದೇ. ಆದರೆ ಮಾರಾಟ ನಿಂತುಹೋದ ಯಂತ್ರಕ್ಕೆ ಹೊಸ ದುಭಾಷಿಯನ್ನು ಯಾರು ಬರೆದುಕೊಡುತ್ತಾರೆ? ಅದರಿಂದ ಕಂಪನಿಗೆ ಲಾಭವಿಲ್ಲ. ಹೊಸದನ್ನು ಕೊಳ್ಳಿ ಎಂದು ಹೇಳುವುದು ಸುಲಭ. ಇಲ್ಲಿ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಯಂತ್ರ ಕೆಟ್ಟಿಲ್ಲ, ನೋಡಿ. ಅದರ ಮಾತು ತಿಳಿಯುವವರು ಇಲ್ಲವಾಗಿದ್ದಾರೆ, ಅಷ್ಟೆ.

ನಕ್ಷೆಯ ತಂತ್ರಾಂಶವಿದ್ದ ಸಿಡಿಯನ್ನೂ ಹುಡುಕಿದ್ದೆ. ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಬಾಯಿಯೇ ಇರಲಿಲ್ಲ!

ಮಸ್ಕಿಯ ಬಂಡೆ ಹೇಳುವುದು

ನಮ್ಮ ಜಿಲ್ಲೆಯ ಮಸ್ಕಿಯ ಅಶೋಕನ ಶಾಸನ ನಿಮಗೆ ಗೊತ್ತಿದೆ. ಅಕ್ಷರಗಳನ್ನು ಬಂಡೆಯ ಮೇಲೆ ಕೆತ್ತಿದ್ದು ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ. ಬ್ರಾಹ್ಮಿ ಲಿಪಿ ಬದಲಾಗುತ್ತಾ ಬಂದು ನಮ್ಮ ಕನ್ನಡ ಲಿಪಿಯೂ ಅದರಿಂದಲೇ ಹುಟ್ಟಿತು. ಆದರೆ ಹಳೆಯ ರೂಪವನ್ನು ಓದುವ ವಿದ್ಯೆ ಮರೆತುಹೋಯಿತು. ಬಂಡೆಯಲ್ಲಿ ಅಕ್ಷರ ಇತ್ತು, ಓದುವವರಿರಲಿಲ್ಲ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸರು ಬೇರೆ ಕಡೆಯ ಶಾಸನಗಳಿಂದ ಆ ಲಿಪಿಯನ್ನು ಬಿಡಿಸಿದರು. 1915ರಲ್ಲಿ ಬೀಡನ್ ಎಂಬ ಎಂಜಿನಿಯರು ಮಸ್ಕಿಯ ಶಾಸನವನ್ನು ಕಂಡಾಗ ಅದನ್ನು ಓದಲು ಸಾಧ್ಯವಾದದ್ದು ಆ ಕೆಲಸದಿಂದಲೇ. ಅದರಲ್ಲಿ ಅಶೋಕ ಎಂಬ ಹೆಸರೇ ಇದ್ದದ್ದರಿಂದ 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂಬುದು ಗಟ್ಟಿಯಾಯಿತು.

ನಮ್ಮ ಡಬ್ಬಿಯಲ್ಲಿಯೂ ಅಕ್ಷರ ಇತ್ತು. ಹತ್ತೊಂಬತ್ತೇ ವರ್ಷಕ್ಕೆ ಓದುವವರಿರಲಿಲ್ಲ.

ಹಾಗಾದರೆ ಪ್ರಿನ್ಸೆಪ್ ಮಾಡಿದಂಥ ಕೆಲಸ ಮಾಡುವವರು ಈಗ ಇಲ್ಲವೇ? ಇದ್ದಾರೆ. ಹಳೆಯ ಜಿಪಿಎಸ್ ಯಂತ್ರಗಳ ಭಾಷೆಗಳನ್ನು ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಜಿಪಿಎಸ್‌ಬೇಬಲ್ ಎಂಬ ಉಚಿತ ತಂತ್ರಾಂಶವಿದೆ. ಲಿನಕ್ಸ್ ವ್ಯವಸ್ಥೆಯಲ್ಲಿ ಎಷ್ಟೋ ಹಳೆಯ ತಂತಿ ಮತ್ತು ಯಂತ್ರಗಳ ದುಭಾಷಿಗಳನ್ನು ಹೊರಗೆ ಹಾಕದೆ ಉಳಿಸಿಕೊಂಡಿದ್ದಾರೆ. ಈಚಿನ ಜಿಪಿಎಸ್ ಯಂತ್ರಗಳಲ್ಲಿ ಹಲವು ಪೆನ್‌ಡ್ರೈವಿನಂತೆ ತೆರೆದುಕೊಂಡು, ಜಿಪಿಎಕ್ಸ್ ಎಂಬ ಎಲ್ಲರಿಗೂ ತಿಳಿಯುವ ಬಗೆಯಲ್ಲಿ ಸ್ಥಳಗಳನ್ನು ಬರೆದಿಡುತ್ತವೆ. ಅವಕ್ಕೆ ಬೇರೆ ದುಭಾಷಿಯೇ ಬೇಡ. ಆದರೆ ಆ ದಿನ ನಮ್ಮ ಬಳಿ ಲಿನಕ್ಸ್ ಇದ್ದ ಕಂಪ್ಯೂಟರು ಇರಲಿಲ್ಲ. ಹುಡುಗಿಯ ಪ್ರಶ್ನೆ ಕಾಯುತ್ತಿತ್ತು.

ಕೊನೆಗೆ ದಾರಿ ತೋರಿಸಿದ್ದು ಅವಳೇ. "ಪರದೆ ಮ್ಯಾಲ ಕಾಣತೈತಲ್ರಿ ಸರ್, ಬರ್ಕೊಂಡ್ರಾತು."

ಒಬ್ಬರು ಓದಿದರು, ಇಬ್ಬರು ಬೇರೆ ಬೇರೆ ಹಾಳೆಯಲ್ಲಿ ಬರೆದರು, ನಾಲ್ಕನೆಯವರು ಎರಡೂ ಹಾಳೆಗಳನ್ನು ಹೋಲಿಸಿದರು. ಹೋಲಿಸಿದ್ದು ಒಳ್ಳೆಯದೇ ಆಯಿತು. ಒಬ್ಬ 16 ಡಿಗ್ರಿ 03 ಮಿನಿಟು ಎಂಬುದನ್ನು 16 ಡಿಗ್ರಿ 30 ಮಿನಿಟು ಎಂದು ಬರೆದಿದ್ದ. ಅಕ್ಷಾಂಶದ ಒಂದು ಮಿನಿಟು ನೆಲದ ಮೇಲೆ ಸುಮಾರು 1.85 ಕಿಲೋಮೀಟರ್. 27 ಮಿನಿಟಿಗೆ ಎಷ್ಟಾಯಿತು? ಸುಮಾರು 50 ಕಿಲೋಮೀಟರ್! ಬೋರಿಂಗು ಕೃಷ್ಣಾ ನದಿ ದಾಟಿ ಯಾದಗಿರಿ ಜಿಲ್ಲೆಗೆ ಹೋಗಿಬಿಟ್ಟಿತ್ತು.

ಮತ್ತೊಂದು ತೊಡಕು. ಡಬ್ಬಿ ತೋರಿಸುವುದು ಡಿಗ್ರಿ ಮತ್ತು ಮಿನಿಟು. ಫೋನಿನ ನಕ್ಷೆಗೆ ದಶಮಾಂಶದಲ್ಲಿ ಕೊಟ್ಟರೆ ಸುಲಭ. ಉದಾಹರಣೆಗೆ 16 ಡಿಗ್ರಿ 03.250 ಮಿನಿಟು ಎಂದಿದ್ದರೆ 16.0325 ಎಂದು ಬರೆಯಬಾರದು. ಒಂದು ಡಿಗ್ರಿಗೆ 60 ಮಿನಿಟು. 3.250ನ್ನು 60ರಿಂದ ಭಾಗಿಸಿದರೆ 0.05417. ಸರಿಯಾದ ಉತ್ತರ 16.05417. ತಪ್ಪಾಗಿ ಬರೆದಿದ್ದರೆ ಸುಮಾರು 2.4 ಕಿಲೋಮೀಟರ್ ದೂರದ ಯಾವುದೋ ಹೊಲದಲ್ಲಿ ನಿಂತಿರುತ್ತಿದ್ದೆವು. ಐದನೆಯ ತರಗತಿಯ ಮಕ್ಕಳು ಭಾಗಾಕಾರ ಮಾಡಿದರು, ಏಳನೆಯವರು ತಾಳೆ ನೋಡಿದರು.

ಮುಂದಿನ ಶನಿವಾರ ಶಾಲೆ ಬಿಟ್ಟ ಮೇಲೆ ಹೊಲದ ದಾರಿಗೆ ಹೋದೆವು. ಡಬ್ಬಿ ಒಬ್ಬಳ ಕೈಯಲ್ಲಿ, ಫೋನು ನನ್ನ ಕೈಯಲ್ಲಿ. ಬಳ್ಳಾರಿ ಜಾಲಿಯ ಮರೆಯಲ್ಲಿ ಬೋರಿಂಗು ನಿಂತಿತ್ತು. ಹಿಡಿಕೆ ಸವೆದು ಹೊಳೆಯುತ್ತಿತ್ತು. ಅಂದರೆ ದಿನವೂ ಯಾರೋ ಒತ್ತುತ್ತಿದ್ದಾರೆ. ಡಬ್ಬಿಯ ಹಳೆಯ ಪಟ್ಟಿಯಲ್ಲಿ ಅಲ್ಲಿಗೆ ಎಂಟು ಹತ್ತು ಹೆಜ್ಜೆಯೊಳಗೆ ಇದ್ದದ್ದು ಒಂದೇ ನಂಬರು, 17. ನೋಟ್‌ಬುಕ್ಕು ತೆರೆದೆ. 17ರ ಮುಂದೆ ನನ್ನದೇ ಕೈಬರಹದಲ್ಲಿ, ಕೆಂಪು ಶಾಯಿಯಲ್ಲಿ, "ಕುಡಿಯಲು ಬೇಡ" ಎಂದಿತ್ತು.

ಹತ್ತೊಂಬತ್ತು ವರ್ಷದ ಹಿಂದಿನ ಅಂಕಿಯನ್ನು ನಂಬಿ ಇಂದು ತೀರ್ಪು ಕೊಡುವಂತಿಲ್ಲ. ಮಳೆ, ನೀರಿನ ಮಟ್ಟ, ಎತ್ತುವ ಪ್ರಮಾಣ ಬದಲಾದರೆ ಫ್ಲೋರೈಡೂ ಬದಲಾಗುತ್ತದೆ. ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ಸ್ವಲ್ಪ ಹೊತ್ತು ಒತ್ತಿ ಕೊಳವೆಯೊಳಗೆ ನಿಂತಿದ್ದ ನೀರನ್ನು ಹೊರಹಾಕಿದೆವು. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ತುಂಬಿಸಿ, ನಂಬರು ಬರೆದು ಪರೀಕ್ಷೆಗೆ ಕಳಿಸಿದೆವು. ಫಲಿತಾಂಶ ಬರುವ ತನಕ ಮನೆಯಿಂದಲೇ ನೀರು ತರಬೇಕೆಂದು ಕಳೆ ತೆಗೆಯುವವರಿಗೆ ಹೇಳಿ ಬರುವ ಕೆಲಸವನ್ನು ಆ ಹುಡುಗಿ ವಹಿಸಿಕೊಂಡಳು.

ನಾವು ಹೊರಡುವ ಮೊದಲು ಇಬ್ಬರು ಹುಡುಗರು ಬೋರಿಂಗಿನ ಸಿಮೆಂಟು ಕಟ್ಟೆಯನ್ನು ಉಜ್ಜಿ ತೊಳೆದು, ಎಣ್ಣೆ ಬಣ್ಣದಲ್ಲಿ ದೊಡ್ಡದಾಗಿ ಬರೆದರು: ನಂಬರು 17, ಅಕ್ಷಾಂಶ, ರೇಖಾಂಶ, ಅಂದಿನ ದಿನಾಂಕ. ದಿನಾಂಕವನ್ನು ಮಾತ್ರ ಡಬ್ಬಿಯಿಂದ ತೆಗೆದುಕೊಳ್ಳಲಿಲ್ಲ.